ನೆಲಗೌರಿಯನ್ನು ಕೇಳದೆ ಮನೆ ಹೂಡಿದವರ ಕಥೆ

ಎಲ್ಲರೂ ದೀಪದ ಹತ್ತಿರಕ್ಕೆ ಸರಿದು ಕೂತುಕೊಳ್ಳಿರಮ್ಮಾ. ಮಕ್ಕಳ ಕೈಗೂ ನಾಲ್ಕು ಕಾಳು ಅಕ್ಷತೆ ಕೊಡಿ. ಕಥೆಯ ನಡುವೆ ಯಾರಾದರೂ ಬಂದರೆ ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದು ಜಾಗ ಮಾಡಿಕೊಡಿ. ನಾವು ನಿಂತದ್ದು, ಕೂತದ್ದು, ಉಂಡದ್ದು, ಮಲಗಿದ್ದು ಯಾವ ತಾಯಿಯ ಮೈಮೇಲೋ ಆ ನೆಲಗೌರಿಯನ್ನು ಮನಸ್ಸಿನಲ್ಲಿ ನೆನೆದು ಕೇಳಿರಿ.

ಹೊಳೆಯ ತೆಂಕಣ ದಂಡೆಯಲ್ಲಿ ಸಿರಿವಾಳವೆಂಬ ಊರು. ಆ ಊರಲ್ಲಿ ಬೊಮ್ಮಣ್ಣನೆಂಬ ಆರಂಬಗಾರನು ಸಾತವ್ವನೆಂಬ ಹೆಂಡತಿಯೊಡನೆ, ನೀಲವ್ವನೆಂಬ ಮಗಳು ಮತ್ತು ತೊಟ್ಟಿಲ ಕೂಸಿನೊಡನೆ ಬಾಳುತ್ತಿದ್ದನು. ಅವನಿಗೆ ಅಣ್ಣತಮ್ಮಂದಿರು ಬಹಳ. ಹೊಲ ಪಾಲಾಗಿ, ಆ ಪಾಲು ಮತ್ತೆ ಪಾಲಾಗಿ, ಇವನಿಗೆ ಬಂದ ತುಂಡಿನಲ್ಲಿ ನೇಗಿಲು ತಿರುಗಿಸಬೇಕಾದರೆ ಎತ್ತುಗಳು ಅಣ್ಣನ ಹೊಲದಲ್ಲಿ ಕಾಲಿಡಬೇಕಾಗಿತ್ತು. ಮನೆಯಲ್ಲಿ ಸಿಕ್ಕಿದ್ದು ಪಡಸಾಲೆಯ ಒಂದು ಮೂಲೆ. ಹೀಗಿರಲಾಗಿ, ಬಡಗಣ ಸೀಮೆಯಲ್ಲಿ ಒಡೆಯರಿಲ್ಲದ ಎರೆನೆಲ ಬೇಕಾದಷ್ಟು ಬಿದ್ದಿದೆಯೆಂದು ದನದ ವ್ಯಾಪಾರಿಗಳು ಹೇಳಿದ್ದನ್ನು ಕೇಳಿ, ಅಲ್ಲಿ ಹೋಗಿ ನೆಲೆ ಮಾಡೋಣವೆಂದು ನಿಶ್ಚಯಿಸಿ, ಗಾಡಿ ಕಟ್ಟಿ, ತಾಯಿ ಹೊನ್ನವ್ವನ ಕಾಲಿಗೆರಗಿ ನಿಂತನು.

ಹೊನ್ನವ್ವ ಸೊಸೆಯ ಉಡಿಯಲ್ಲಿ ಅರಿಸಿನದ ಕೊಂಬು, ಬೆಲ್ಲ, ಬತ್ತಿಯ ಹತ್ತಿ ಹಾಕಿ ಹೀಗೆ ಹೇಳಿದಳು.

"ಎಲ್ಲಿ ನಿಂತರೂ ಗೂಟ ಬಡಿಯುವ ಮೊದಲು ನೆಲಗೌರಿಯ ವ್ರತ ಮಾಡು ಮಗಳೆ. ಆ ನೆಲದ ಹಸಿಮಣ್ಣಲ್ಲಿ ಗೌರಿ ಮಾಡಿ, ಅರಿಸಿನ ಕುಂಕುಮ ಇಟ್ಟು, ಜೋಳದ ಹಿಟ್ಟಿನ ದೀಪ ಹಚ್ಚು. ಆಮೇಲೆ ಸುತ್ತಮುತ್ತಲ ಜನರನ್ನು ಕರೆದು ಕೂರಿಸಿ, ಈ ನೆಲ ಯಾರದು, ಇಲ್ಲಿ ಯಾರು ಬಾಳಿದರು, ಏನು ನಡೆಯಿತು ಅಂತ ಕೇಳು. ಅವರು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿ, ಬೆಲ್ಲದ ನೀರು ಕೊಟ್ಟು ಕಳಿಸು. ಕೇಳುವುದೇ ಆ ತಾಯಿಯ ಪೂಜೆ. ಉಳಿದದ್ದು ಹೂವು ಪತ್ರೆ, ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು."

ಸಾತವ್ವ ಆಗಲಿ ಎಂದಳು. ಬೊಮ್ಮಣ್ಣ ಎತ್ತುಗಳ ಹುರಿ ಎಳೆದನು.

ಹೊಳೆ ದಾಟಿ, ಬಯಲು ಬಿದ್ದು, ಅವರು ಕಂಡ ಕಂಡಲ್ಲಿ ನೆಲ ನೋಡುತ್ತ ಹೋದರು. ಬೊಮ್ಮಣ್ಣ ಮಣ್ಣನ್ನು ಅಂಗೈಯಲ್ಲಿ ಹಿಂಡಿ, ಮೂಸಿ, ನಾಲಗೆಗಿಟ್ಟು ನೋಡುವನು. ಮಣ್ಣು ನೋಡುವುದರಲ್ಲಿ ತನಗೆ ಸಮಾನರಿಲ್ಲವೆಂಬ ಹಮ್ಮು ಅವನಿಗೆ. ಒಂದು ಕಡೆ ನೀರು ಸವಳಾಗಿತ್ತು, ಎತ್ತುಗಳು ಮೂತಿ ಇಟ್ಟು ತೆಗೆದವು. ಇನ್ನೊಂದು ಕಡೆ ನೀರು ಸಿಹಿ, ಆದರೆ ಗೇಣು ಮಣ್ಣಿನ ಕೆಳಗೆ ಹಾಸುಗಲ್ಲು. ಮತ್ತೊಂದು ಕಡೆ ಎಲ್ಲವೂ ಒಪ್ಪುವಂತಿರಲು, ಊರ ಗೌಡನ ಬಳಿ ಹೋಗಿ ಕೇಳಿದರೆ ಆತ ಮುಖ ಸಹ ಎತ್ತದೆ ಇಲ್ಲವೆಂದನು. ಆ ಇಲ್ಲ ಎಂಬ ಮಾತು ಬೊಮ್ಮಣ್ಣನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಕಡೆಗೆ ಒಂದು ಹಳ್ಳದ ತಿರುವಿನಲ್ಲಿ ಎತ್ತರದ ದಿಬ್ಬ ಕಂಡಿತು. ಮಣ್ಣು ಎಣ್ಣೆ ಹಚ್ಚಿದ ಹಾಗೆ ಕಪ್ಪು. ಹಳ್ಳದಲ್ಲಿ ನೀರಿತ್ತು. ಬೇವಿನ ಮರಗಳು ಸಾಲಾಗಿ ನೆರಳು ಚೆಲ್ಲಿದ್ದವು. ತಾವಾಗಿ ಹುಟ್ಟಿದ ಮರಗಳು ಹಾಗೆ ಸಾಲು ಹಿಡಿಯುವುದಿಲ್ಲವೆಂದು ಅವನಿಗೆ ಹೊಳೆಯಲಿಲ್ಲ. ಹಳ್ಳದಾಚೆ ಒಂದು ಊರಿತ್ತು, ಆದರೆ ಆ ಊರಿನ ಒಂದು ದನವೂ ಈಚೆ ಮೇಯುತ್ತಿರಲಿಲ್ಲ. ಅದೂ ಅವನಿಗೆ ಹೊಳೆಯಲಿಲ್ಲ. ಇಷ್ಟು ಒಳ್ಳೆಯ ನೆಲ ಖಾಲಿ ಬಿದ್ದಿದೆಯಲ್ಲ ಎಂದು ಬೆರಗಾಗಿ ಗಾಡಿ ಬಿಟ್ಟನು.

ಸಾತವ್ವ ಹೇಳಿದಳು, "ಅತ್ತೆ ಹೇಳಿದ ಹಾಗೆ ಮಾಡಿಬಿಡೋಣ. ಆಚೆ ಊರಿಗೆ ಹೋಗಿ ಒಂದು ಮಾತು ಕೇಳಿ ಬನ್ನಿ."

"ಕೇಳಿದರೆ ಇಲ್ಲ ಅಂತಾರೆ," ಎಂದನು ಬೊಮ್ಮಣ್ಣ. "ಅವತ್ತು ಆ ಗೌಡ ಅಂದದ್ದು ಮರೆತೆಯಾ? ಮೊದಲು ಬೇರು ಬಿಡೋಣ. ಒಂದು ಬೆಳೆ ತೆಗೆದ ಮೇಲೆ ಯಾರು ಎಬ್ಬಿಸುತ್ತಾರೋ ನೋಡೋಣ."

ಹೀಗೆಂದು ಅವನು ಗೂಟ ಬಡಿದು, ಸೊಪ್ಪು ಸೋಗೆ ಹೊದಿಸಿ ಗುಡಿಸಲು ಎತ್ತಿದನು. ಸಾತವ್ವ ಅಂಗಳದ ಅಂಚಿನಲ್ಲಿ ಮೆತ್ತಗಿದ್ದ ಜಾಗ ನೋಡಿ ಕಲ್ಲು ಹೂಡಿ ಒಲೆ ಹಾಕಿದಳು. ಬರುವ ಶುಕ್ರವಾರ ವ್ರತ ಮಾಡಿದರಾಯಿತು ಎಂದುಕೊಂಡಳು. ಆ ಶುಕ್ರವಾರ ಕೂಸಿಗೆ ಜ್ವರ, ಮುಂದಿನ ಶುಕ್ರವಾರ ಬಿತ್ತನೆಯ ಗಡಿಬಿಡಿ. ಹಾಗೆ ಮುಂದೂಡುತ್ತ ಹೋದಳು. ನಿಜವಾಗಿ ಅವಳನ್ನು ತಡೆದದ್ದು ಗಂಡನ ಮುಖ.

ಅವರು ಬಂದಂದಿನಿಂದ ಹಳ್ಳದಾಚೆಯ ಒಬ್ಬ ಮುದುಕಿ ಆಡು ಹಿಡಿದುಕೊಂಡು ಬಂದು ಹೊಲದ ಬದುವಿನಲ್ಲಿ ನಿಲ್ಲುತ್ತಿದ್ದಳು. ಗುಡಿಸಲ ಕಡೆ ನೋಡಿ ಕೈ ಮುಗಿಯುವಳು, ಹೊತ್ತೇರಿದ ಮೇಲೆ ಹೋಗುವಳು. ಒಂದು ದಿನ ಬೊಮ್ಮಣ್ಣ ನೇಗಿಲು ನಿಲ್ಲಿಸಿ, "ಮೇವು ಬೇಕಾದರೆ ಕೊಯ್ದುಕೊಂಡು ಹೋಗವ್ವ. ಮಾತು ಮಾತ್ರ ಬೇಡ," ಎಂದನು. ಅವಳು, "ಒಂದ ಮಾತೈತಿ ಯಪ್ಪಾ," ಎನ್ನುವಷ್ಟರಲ್ಲಿ ಅವನು ಎತ್ತು ತಿರುಗಿಸಿದ್ದನು. ಪಾಪ, ಹಸಿದಿದ್ದಾಳೇನೋ ಎಂದು ಸಾತವ್ವನಿಗೆ ಅನಿಸಿತು. ರೊಟ್ಟಿ ಕೊಟ್ಟು ಬರೋಣವೆಂದು ಎದ್ದವಳು ಗಂಡನ ನೋಟ ಕಂಡು ಕೂತಳು.

ಮಳೆ ಹಿಡಿಯಿತು. ಬಿಡದೆ ಸುರಿಯಿತು. ಮಳೆ ಬಿಟ್ಟ ಬೆಳಿಗ್ಗೆ ನೀಲವ್ವ ಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದಳು. ಸಾತವ್ವ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಹಾಲು ಕಾಯಿಸುತ್ತಿದ್ದಳು. ಬೆನ್ನ ಹಿಂದೆ ಒಂದು ಸದ್ದಾಯಿತು. ದೊಡ್ಡ ಸದ್ದಲ್ಲ, ಕಾಳು ತುಂಬಿದ ಚೀಲವನ್ನು ನೆಲಕ್ಕೆ ಇಳಿಸಿದ ಹಾಗೆ. ತಿರುಗಿ ನೋಡಿದರೆ ಪೊರಕೆ ಬಿದ್ದಿದೆ, ಮಗಳಿಲ್ಲ. ಮಗಳು ನಿಂತಿದ್ದಲ್ಲಿ ಬಾವಿಯ ಬಾಯಂತೆ ದುಂಡಗೆ ಒಂದು ತೂತು. ಅದರಿಂದ ಕೊಳೆತ ಜೋಳದ ಹುಳಿ ವಾಸನೆ ಏಳುತ್ತಿತ್ತು.

ಸಾತವ್ವನಿಗೆ ಕೂಗಲು ಬಾಯಿ ಬರಲಿಲ್ಲ. ಕಣ್ಣು ಅದನ್ನು ನೋಡುತ್ತಿತ್ತು, ಮನಸ್ಸು ನಂಬಲೊಲ್ಲದು. ನೆಲ ಹೀಗೆ ಮಾಡುತ್ತದೆಯೇ, ನಿನ್ನೆ ತನಕ ಸಗಣಿ ಸಾರಿಸಿದ ನೆಲ. ಹಾಲು ಉಕ್ಕಿ ಒಲೆ ಆರಿದ ಸದ್ದಿಗೆ ಬೊಮ್ಮಣ್ಣ ಹೊರಗೆ ಬಂದನು. ಬಂದವನು ಹೆಂಡತಿಯ ಮುಖ ಕಂಡನು, ತೂತು ಕಂಡನು, ಓಡಿ ಅದರೊಳಗೆ ಕಾಲು ಇಳಿಬಿಟ್ಟನು.

ಬದುವಿನಲ್ಲಿ ನಿಂತಿದ್ದ ಮುದುಕಿ ಆಡಿನ ಹಗ್ಗ ಬಿಟ್ಟು ಓಡಿಬಂದಳು. ಆ ವಯಸ್ಸಿಗೆ ಹೇಗೆ ಓಡಿದಳೋ ಗೌರಿಗೇ ಗೊತ್ತು. ಬಂದು ಅವನ ಜುಟ್ಟು ಹಿಡಿದು ಹಿಂದಕ್ಕೆ ಎಳೆದಳು.

"ಇಳೀಬ್ಯಾಡ. ಹಳೇ ಹಗೇವು ಅದು, ಕಾಳು ಹೂಳೋ ಕುಣಿ. ಒಳಗಿನ ಗಾಳಿ ಕೆಟ್ಟೈತಿ. ಇಳಿದಾವ ಏಳಂಗಿಲ್ಲ."

ಅವನು ಕೇಳದೆ ಕೊಸರಾಡಿದನು. ಅಷ್ಟರಲ್ಲಿ ಹಳ್ಳದಾಚೆ ಕಳೆ ತೆಗೆಯುತ್ತಿದ್ದ ಜನ ಮುದುಕಿ ಓಡಿದ್ದನ್ನು ಕಂಡು, ಏನೆಂದು ಅರಿತು, ಹಗ್ಗ ಹಿಡಿದುಕೊಂಡೇ ಬಂದರು. ಬೊಮ್ಮಣ್ಣನನ್ನು ಹಿಡಿದು ಕೂರಿಸಿದರು. ಮುದುಕಿ ಹಣತೆ ಹಚ್ಚಿಸಿ ದಾರ ಕಟ್ಟಿ ಇಳಿಬಿಟ್ಟಳು. ಆಳೆತ್ತರ ಇಳಿಯುವ ಮೊದಲೇ ದೀಪ ಆರಿತು.

"ದೀಪ ಉಳಿಯೋತನಕ ಯಾರೂ ಇಳೀಬಾರ್ದು," ಎಂದಳು.

ಬೇವಿನ ಟೊಂಗೆ ಮುರಿದು, ಹಗ್ಗಕ್ಕೆ ಕಟ್ಟಿ, ಜನ ಅದನ್ನು ಕುಣಿಯೊಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ ಗಾಳಿ ಆಡಿಸತೊಡಗಿದರು. ಮತ್ತೆ ದೀಪ ಇಳಿಸಿದರು, ಆರಿತು. ಮತ್ತೆ ಆಡಿಸಿದರು. ಮತ್ತೆ ಆರಿತು. ಕೆಳಗಿನಿಂದ ಮಗುವಿನ ದನಿಯಿಲ್ಲ. ತನ್ನ ಮಗಳು ಕೂಗಿದರೆ ಕೇಳುವಷ್ಟು ದೂರದಲ್ಲಿರುವಾಗ, ನಾಲ್ಕು ಜನರ ಹಿಡಿತದಲ್ಲಿ ಕೂತು ಒಂದು ದೀಪ ಆರುವುದನ್ನು ನೋಡುತ್ತಿರಬೇಕಾಯಿತು ಬೊಮ್ಮಣ್ಣನಿಗೆ.

ಆಗ ಸಾತವ್ವನಿಗೆ ಅತ್ತೆಯ ಮಾತು ನೆನಪಾಯಿತು. ಹೂವಿಲ್ಲ, ಹಿಟ್ಟಿಲ್ಲ, ಮಡಿಯಿಲ್ಲ. ಕೂಸನ್ನು ಯಾರದೋ ಕೈಗೆ ಕೊಟ್ಟು, ಕುಣಿಯ ಅಂಚಿನ ಹಸಿಮಣ್ಣನ್ನೇ ಬಾಚಿ, ಮುಷ್ಟಿಯಲ್ಲಿ ಹಿಂಡಿ ಗೌರಿ ಮಾಡಿ, ತನ್ನ ಹಣೆಯ ಕುಂಕುಮ ತೆಗೆದು ಅದಕ್ಕೆ ಹಚ್ಚಿದಳು.

"ತಾಯಿ, ಕೇಳದೆ ಬಂದೆವು, ಕೇಳದೆ ಉಂಡೆವು. ಈಗ ಕೇಳುತ್ತಿದ್ದೇನೆ. ನೀನು ಯಾರ ನೆಲ? ನಿನ್ನಲ್ಲಿ ಏನು ನಡೆಯಿತು? ಏನಿದ್ದರೂ ಕೂತು ಕೇಳುತ್ತೇನೆ. ಮಗಳನ್ನು ಕೊಡು."

ಮತ್ತೆ ದೀಪ ಇಳಿಯಿತು. ಆಳೆತ್ತರ ಇಳಿದು ಉರಿಯಿತು. ಇನ್ನೂ ಇಳಿದು, ಕುಗ್ಗಿ, ಆರದೆ ನಿಂತಿತು. ಬೊಮ್ಮಣ್ಣನ ಸೊಂಟಕ್ಕೆ ಹಗ್ಗ ಬಿಗಿದು ಇಳಿಸಿದರು. ಕುಸಿದ ಮಣ್ಣಿನ ಗುಡ್ಡೆಯ ತುದಿಯಲ್ಲಿ, ಬಾಯಿಂದ ಬೀಳುವ ಬೆಳಕಿನ ನೇರಕ್ಕೆ, ನೀಲವ್ವ ಅಂಗಾತ ಬಿದ್ದಿದ್ದಳು. ಎತ್ತಿ ತಂದು ಮಲಗಿಸಿದಾಗ ತುಟಿ ನೀಲಿಯಾಗಿತ್ತು, ಮೈ ತಣ್ಣಗಿತ್ತು, ಉಸಿರಿರಲಿಲ್ಲ. ಮುದುಕಿ ಮಗುವನ್ನು ಮಗ್ಗುಲಾಗಿಸಿ ಬೆನ್ನು ತಿಕ್ಕಿದಳು. ಸಾತವ್ವ ಗೌರಿಯ ಮಣ್ಣನ್ನು ಮಗಳ ಹಣೆಗೆ ಒತ್ತಿ ಹಿಡಿದಳು. ನೋಡುತ್ತಿದ್ದಂತೆ ಮಗು ಒಮ್ಮೆ ಬಿಕ್ಕಿತು, ಕೆಮ್ಮಿತು, ಎದೆ ಮೇಲೆದ್ದಿತು. ಗೌರಿ ಮಗಳನ್ನು ಕೊಟ್ಟಳು.

ಬೊಮ್ಮಣ್ಣ ಗಾಡಿಯ ಮೂಕಿ ಹಿಡಿದು ನಿಂತನು, ನೆಲದ ಮೇಲೆ ಕೂರಲಾರ. ಒಂದು ಹೆಜ್ಜೆ ಇಡಬೇಕಾದರೂ ಮೊದಲು ಹೆಬ್ಬೆರಳು ಊರಿ ನೋಡುವನು. ಮಣ್ಣು ತಿಂದು ರುಚಿ ಹೇಳುತ್ತಿದ್ದ ಮನುಷ್ಯ. ಮುದುಕಿಯ ಕಡೆ ತಿರುಗಿ, "ಗೊತ್ತಿದ್ದೂ ಯಾಕವ್ವ ಹೇಳಲಿಲ್ಲ?" ಎಂದನು.

"ಅದನ್ನ ಹೇಳಾಕಂತನ ದಿನಾ ಬಂದು ನಿಂತಿದ್ದೆ," ಎಂದಳು ಮುದುಕಿ. "ನೀ ಬಾಯಿ ತೆಗೀಗೊಡಲಿಲ್ಲ."

ಸಾತವ್ವ ಮುದುಕಿಯ ಕೈ ಹಿಡಿದು ಕೂರಿಸಿ, "ಈಗ ಹೇಳು ಅಜ್ಜಿ. ಕೇಳುತ್ತೇನೆಂದು ಗೌರಿಗೆ ಮಾತು ಕೊಟ್ಟಿದ್ದೇನೆ," ಎಂದಳು.

ಮುದುಕಿಯ ಹೆಸರು ದುರಗವ್ವ. ಅವಳು ಹೇಳಿದ್ದು ಇದು. ಆ ದಿಬ್ಬ ಅವಳು ಸೊಸೆಯಾಗಿ ಬಂದ ಊರು. ಮನೆಮನೆಗೂ ಅಂಗಳದ ಕೆಳಗೆ ಒಂದೊಂದು ಹಗೇವು. ಒಂದು ವರ್ಷ ಅತಿಮಳೆಯಾಗಿ ಹಗೇವುಗಳಿಗೆ ನೀರಿಳಿದು ಕಾಳು ಹುಳಿಯಿತು. ಉಳಿದಷ್ಟು ತೆಗೆಯೋಣವೆಂದು ಅವಳ ಗಂಡ ಇಳಿದನು, ಏಳಲಿಲ್ಲ. ಅಪ್ಪನನ್ನು ಎತ್ತಲು ಹಿರಿಮಗ ಇಳಿದನು. ಅಣ್ಣನನ್ನು ಎತ್ತಲು ಕಿರಿಮಗ ಇಳಿದನು.

"ಹಗ್ಗ ನನ್ನ ಕೈಯಾಗ ಇತ್ತು," ಎಂದಳು ದುರಗವ್ವ. "ಮೂರೂ ಸಲ ನನ್ನ ಕೈಯಾಗ ಇತ್ತು."

ಇಳಿದು ಹೆಣ ತೆಗೆಯುವ ಧೈರ್ಯ ಯಾರಿಗೂ ಆಗದೆ, ಊರವರು ಅಳುತ್ತಲೇ ಮಣ್ಣು ಎಳೆದು ಮುಚ್ಚಿ, ಊರು ಬಿಟ್ಟು ಹಳ್ಳದಾಚೆ ಹೋದರು. ಆಮೇಲೆ ಯಾರೂ ಈಚೆ ದನವನ್ನೂ ಹೊಡೆಯಲಿಲ್ಲ.

ಸಾತವ್ವ ಮೆಲ್ಲಗೆ ಕೇಳಿದಳು, "ಅದು ಯಾವ ಜಾಗ ಅಜ್ಜಿ?"

ದುರಗವ್ವ ಬೆರಳು ಚಾಚಿ ತೋರಿಸಿದಳು. "ನೀ ಒಲಿ ಹೂಡೀಯಲ್ಲ, ಅದರ ತೆಳಗ."

ಸಾತವ್ವ ಅಲ್ಲಿ ದಿನವೂ ಬೆಂಕಿ ಮಾಡಿದ್ದಳು, ರೊಟ್ಟಿ ಬಡಿದಿದ್ದಳು, ಕೂಸಿಗೆ ಹಾಲು ಕಾಯಿಸಿದ್ದಳು. ಮುದುಕಿ ಗುಡಿಸಲ ಕಡೆ ಕೈ ಮುಗಿದದ್ದು ಅನ್ನಕ್ಕಲ್ಲ. ತನ್ನ ಗಂಡನಿಗೆ, ತನ್ನ ಮಕ್ಕಳಿಗೆ. ಸಾತವ್ವ ಎದ್ದು ಹೋಗಿ ಒಲೆಯ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಬೂದಿಯನ್ನು ಸೆರಗಿನಿಂದಲೇ ಬಳಿದು, ಆ ಜಾಗಕ್ಕೆ ಹಣೆ ಹಚ್ಚಿದಳು. ಬೊಮ್ಮಣ್ಣ ಬಂದು ಅವಳ ಪಕ್ಕದಲ್ಲಿ ಉದ್ದಕ್ಕೆ ಅಡ್ಡಬಿದ್ದನು.

ನೀಲವ್ವ ಬದುಕಿದಳು, ಆದರೆ ಮಾತು ಹೋಗಿತ್ತು. ಕಣ್ಣು ಬಿಟ್ಟುಕೊಂಡೇ ಇರುವಳು, ಅಮ್ಮನ ಸೆರಗು ಬಿಡಳು.

ಶುಕ್ರವಾರ ಬಂದಿತು. ಬೊಮ್ಮಣ್ಣ ಹಳ್ಳ ದಾಟಿ ಹೋಗಿ, ಊರ ಕಟ್ಟೆಯ ಮುಂದೆ ರುಮಾಲು ತೆಗೆದು ನಿಂತು, "ಕೇಳದೆ ಬಂದು ಕೂತೆ. ಇರು ಎಂದರೆ ಇರುತ್ತೇವೆ, ಏಳು ಎಂದರೆ ಏಳುತ್ತೇವೆ. ಏನಾದರೂ ಆಗಲಿ, ಬಂದು ಆ ನೆಲದ ಮಾತು ಹೇಳಿ ಹೋಗಿ," ಎಂದನು. ಹಿರಿಯರು, "ಅವತ್ತ ಕೇಳಿದ್ದರ ಅವತ್ತ ಹೇಳತಿದ್ದಿವಿ ತಮ್ಮಾ," ಎಂದು ಎದ್ದು ಬಂದರು.

ಸಾತವ್ವ ಹಸಿಮಣ್ಣಿನ ಗೌರಿ ಮಾಡಿ, ಅರಿಸಿನ ಕುಂಕುಮ ಇಟ್ಟು, ಜೋಳದ ಹಿಟ್ಟಿನ ದೀಪ ಹಚ್ಚಿ, ಬಂದವರನ್ನು ಸುತ್ತ ಕೂರಿಸಿದಳು. ಒಬ್ಬೊಬ್ಬರೂ ಎದ್ದು ತಮ್ಮ ಮನೆ ಎಲ್ಲಿತ್ತು, ಹಗೇವು ಎಲ್ಲಿತ್ತು, ಯಾರು ಹುಟ್ಟಿದರು, ಯಾರು ಸತ್ತರು ಎಂದು ಹೇಳಿದರು. ಬಿಟ್ಟುಬಂದ ಊರಿನ ಮಾತನ್ನು ಅವರನ್ನು ಯಾರೂ ಕೇಳಿರಲಿಲ್ಲ. ಗಂಡಸರೂ ಅತ್ತರು. ಕಡೆಗೆ ದುರಗವ್ವ ತನ್ನ ಮಕ್ಕಳ ಹೆಸರು ಹೇಳಿದಳು. ಅಷ್ಟು ವರ್ಷ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಹೇಳಿ ಮುಗಿಸಿದಾಗ ನೀಲವ್ವ ಅಮ್ಮನ ಸೆರಗು ಬಿಟ್ಟು ಎದ್ದು, ಬೆಲ್ಲದ ನೀರಿನ ತಂಬಿಗೆ ಎತ್ತಿಕೊಂಡು ಹೋಗಿ, "ಕುಡಿ ಅಜ್ಜಿ," ಎಂದಳು.

ಆಮೇಲೆ ಊರವರೇ ನಿಂತು ಹಗೇವುಗಳನ್ನೆಲ್ಲ ತೋರಿಸಿ, ಬಾಯಿ ತೆಗೆದು, ಗಾಳಿ ಆಡಿಸಿ, ಕಲ್ಲು ಮಣ್ಣು ತುಂಬಿ ಗಟ್ಟಿ ಮಾಡಿದರು. ಒಲೆಯ ಜಾಗದಲ್ಲಿ ದುರಗವ್ವನ ಗಂಡನಿಗೂ ಮಕ್ಕಳಿಗೂ ಸಲ್ಲಬೇಕಾದ ಕ್ರಿಯೆಗಳನ್ನು ಮಾಡಿ ಒಂದು ಕಲ್ಲು ನಿಲ್ಲಿಸಿದರು. ಹಳೆಯ ಊರಿನವರು ರಾಶಿ ಮಾಡುತ್ತಿದ್ದ ಕಣದಲ್ಲಿ ಯಾರೂ ಎಂದೂ ಅಗೆದಿರಲಿಲ್ಲವಾದ್ದರಿಂದ ಅಲ್ಲಿಯೇ ಮನೆ ಕಟ್ಟಿರೆಂದು ಹಿರಿಯರು ಹೇಳಲು, ಬೊಮ್ಮಣ್ಣ ಅಲ್ಲಿಯೇ ಕಟ್ಟಿದನು. ದುರಗವ್ವ ಆಡು ಸಹಿತ ಆ ಮನೆಗೆ ಬಂದು ಹಿರಿಯಳಾಗಿ ಬಾಳಿದಳು. ಜೋಳ ಆಳೆತ್ತರ ಬೆಳೆಯಿತು, ದನಕರು ಹೆಚ್ಚಿದವು, ಕೂಸು ಆ ಅಂಗಳದಲ್ಲೇ ನಡಿಗೆ ಕಲಿಯಿತು. ಹಳ್ಳದಾಚೆ ಹೋದವರು ಒಬ್ಬೊಬ್ಬರಾಗಿ ಮರಳಿ ಬಂದು ಮನೆ ಹೂಡಿದರು. ಹೊಸದಾಗಿ ನೆಲ ನೋಡಲು ಬಂದವರನ್ನು ಬೊಮ್ಮಣ್ಣನೇ ಎದುರುಗೊಂಡು, ಅವರು ಕೇಳುವ ಮೊದಲೇ ಕೂರಿಸಿ ಎಲ್ಲವನ್ನೂ ಹೇಳುತ್ತಿದ್ದನು.

ಮಳೆಗಾಲಕ್ಕೆ ಮುಂಚಿನ ಶುಕ್ರವಾರ ಈ ವ್ರತವನ್ನು ಮಾಡಿದವರಿಗೆ, ಮಾಡಲಾಗದೆ ಕಥೆಯನ್ನಷ್ಟೇ ಕೇಳಿದವರಿಗೆ, ಕೇಳಿ ಇನ್ನೊಬ್ಬರಿಗೆ ಹೇಳಿದವರಿಗೆ, ಸಾತವ್ವನಿಗೆ ಕೊಟ್ಟ ಫಲವನ್ನೇ ನೆಲಗೌರಿ ಕೊಡುತ್ತಾಳೆ. ಹೇಳಿದವರ ಮನೆ ನಿಲ್ಲಲಿ. ಕೇಳಿದವರ ಮಕ್ಕಳು ಓಡಾಡುವ ಅಂಗಳ ಗಟ್ಟಿಯಾಗಿರಲಿ.