ಬೀಗಕ್ಕೆ ಕೈಮುಗಿದ ಮೇಲೆ

ನನ್ನ ಅಂಗಡಿ ಎದುರಿನ ಸೀರೆ ಅಂಗಡಿಯ ಅಶ್ವತ್ಥಶೆಟ್ಟರು ರಾತ್ರಿ ಬೀಗ ಹಾಕಿ ಕೈಮುಗಿದರೆ ಮುಗಿಯಿತು. ಎಂಥ ಗಿರಾಕಿ ಬಂದರೂ ವ್ಯಾಪಾರದ ಮಾತಿಲ್ಲ, ಲಕ್ಷ್ಮಿ ಮುನಿಯುತ್ತಾಳಂತೆ. ಆದರೆ ಮನೆಗೆ ಹೋದಮೇಲೂ ಗುಮಾಸ್ತನಿಗೆ ಅಂಗಡಿ ಕೆಲಸದ ಮೆಸೇಜು ಹಾಕುತ್ತಲೇ ಇರುತ್ತಿದ್ದರು. ಅವನು ಉಣ್ಣಲು ಕೂತರೂ ಟಿಣ್ ಟಿಣ್. ದಿನಕ್ಕೊಂದು ಹೊಸ ಯೋಚನೆ ತರುತ್ತಿದ್ದ ಆಸಾಮಿ ಬರಬರುತ್ತ ಹೇಳಿದಷ್ಟು ಮಾಡಿ ಆಕಳಿಸತೊಡಗಿದ.

"ಏನಯ್ಯಾ, ನಿನ್ನೆ ಮೆಸೇಜಿಗೆ ಉತ್ತರವೇ ಇಲ್ಲ? ಕೆಲಸ ಬೇಡವಾ?" ಶೆಟ್ಟರು ಗುಡುಗಿದರು.

"ಹೆದರಿಕೆ ಆಯ್ತು ಸಾಹುಕಾರ್ರೇ. ನೀವು ಬೀಗಕ್ಕೆ ಕೈಮುಗಿದಾಗಿತ್ತು. ನಾನು ವ್ಯಾಪಾರದ ಮಾತಾಡಿ, ಲಕ್ಷ್ಮಿ ಎದ್ದು ಹೋದರೆ?"

ಶೆಟ್ಟರ ಮುಖ ಬಿಳುಚಿತು. "ಹಾಗಾದ್ರೆ ಇಷ್ಟು ದಿನ ನಾನು ಕಳಿಸಿದ್ದು?"

"ನನಗೂ ಅದೇ ಚಿಂತೆ."

ಅಂದಿನಿಂದ ಶೆಟ್ಟರು ಬೀಗದ ಜೊತೆಗೆ ಮೊಬೈಲಿಗೂ ಕೈಮುಗಿಯುತ್ತಾರೆ. ಗುಮಾಸ್ತ ನೆಮ್ಮದಿಯಾಗಿ ಉಂಡು ಮಲಗುತ್ತಾನೆ. ಮೊನ್ನೆ ತಾನಾಗಿಯೇ ಇಳಕಲ್ ಸೀರೆಗಳನ್ನು ಬಾಗಿಲಲ್ಲಿ ಎಷ್ಟು ಚೆಂದ ಜೋಡಿಸಿದ್ದನೆಂದರೆ, ನನ್ನ ಅಂಗಡಿಯ ಮೆಟ್ಟಿಲೇರಿದ್ದ ಗಿರಾಕಿಗಳೂ ಇಳಿದು ಅತ್ತ ನಡೆದರು.