ಉಂಗುರ ಒತ್ತಿದ ಬೆರಳು

“ಗುರುಗಳೇ, ದಿನವೂ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳುತ್ತೇನೆ. ತಪ್ಪೇನೂ ಸಿಗುವುದಿಲ್ಲ. ಆದರೂ ಭಯ ಹೋಗುವುದಿಲ್ಲ. ಏಕೆ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರು ಹೇಳಿದರು: “ಇದಕ್ಕೊಂದು ಕತೆ ಇದೆ. ನನಗೆ ಚೆನ್ನಾಗಿ ಹೇಳಲು ಬಾರದು, ಮನ್ನಿಸು. ಎಲ್ಲವನ್ನೂ ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನವೂ ಇಲ್ಲ.

“ಒಬ್ಬ ಮೆಕ್ಯಾನಿಕ್ ಒಬ್ಬ ಚಾಲಕನ ಜೀಪಿನ ಗೇರ್‌ಬಾಕ್ಸ್ ಬಿಚ್ಚಿದ್ದ. ಅದರೊಳಗೆ ಗೇರಿನ ಪಕ್ಕದಲ್ಲಿ ಒಂದು ಹಿತ್ತಾಳೆ ಉಂಗುರವಿರುತ್ತದೆ. ಗೇರ್ ಬದಲಿಸುವಾಗ ಅದು ತಿರುಗುವ ಗೇರನ್ನು ಹಿಡಿದು, ಸೇರಬೇಕಾದ ಎರಡು ಭಾಗಗಳ ವೇಗವನ್ನು ಒಂದು ಮಾಡುತ್ತದೆ. ಉಂಗುರದ ಒಳಗೆ ಸಣ್ಣ ಗೀರುಗಳಿರುತ್ತವೆ, ಹಿಡಿಯುವುದು ಅವೇ. ಗೀರು ಸವೆದರೆ ಗೇರ್ ಕರಕರ ಎನ್ನುತ್ತದೆ, ಬೀಳುವುದಿಲ್ಲ. ಘಾಟಿ ಇಳಿಯುವಾಗ ಗೇರ್ ಬೀಳದಿದ್ದರೆ ಎಂಜಿನ್ ಗಾಡಿಯನ್ನು ತಡೆಯುವುದಿಲ್ಲ. ಆ ಜೀಪು ಶಾಲೆಯ ಮಕ್ಕಳನ್ನು ಹೊತ್ತು ದಿನವೂ ಘಾಟಿ ಇಳಿಯುತ್ತಿತ್ತು.

“ಬಿಚ್ಚುವ ಮೊದಲೇ ಮೆಕ್ಯಾನಿಕ್ ಚಹಾದಂಗಡಿಯಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದ: ‘ಉಂಗುರಗಳು ಗಟ್ಟಿ ಇವೆ. ಸದ್ದು ಕೇಳಿದರೆ ಸಾಕು, ನನಗೆ ಗೊತ್ತಾಗುತ್ತೆ.’ ಈಗ ನೋಡಿದರೆ ಮೂರನೇ ಗೇರಿನ ಉಂಗುರದ ಒಳಮೈ ನುಣುಪಾಗಿ ಹೊಳೆಯುತ್ತಿತ್ತು. ಗೀರುಗಳು ಸವೆದಿರಬಹುದೇ ಎಂದು ಅವನಿಗೆ ಹೆದರಿಕೆಯಾಯಿತು.

“ಪರೀಕ್ಷಿಸುವ ಕ್ರಮ ಹೀಗಿದೆ. ಉಂಗುರವನ್ನು ಗೇರಿನ ಓರೆಯಾದ ಮೈಮೇಲೆ ಒತ್ತಿ ಹಿಡಿಯಬೇಕು. ಉಂಗುರಕ್ಕೂ ಗೇರಿನ ಹಲ್ಲಿಗೂ ನಡುವೆ ಉಳಿಯುವ ಸಂದಿನಲ್ಲಿ ಅಳತೆಯ ತೆಳು ತಗಡನ್ನು ತೂರಿಸಬೇಕು. ತಗಡು ಹೋದರೆ ಉಂಗುರ ಬಾಳುತ್ತದೆ. ಹೋಗದಿದ್ದರೆ ಉಂಗುರ ಸವೆದು ಒಳಗೆ ಇಳಿದಿದೆ ಎಂದರ್ಥ.

“ಅವನು ಒತ್ತಿದ. ತಗಡು ಹೋಯಿತು. ಮತ್ತೆ ಒತ್ತಿದ. ಮತ್ತೆ ಹೋಯಿತು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ತಗಡು ಸಲೀಸಾಗಿ ಹೋದಷ್ಟೂ ಹೆದರಿಕೆ ಹೆಚ್ಚಿತು.

“ಚಾಲಕ ಬಂದು ಪಕ್ಕದಲ್ಲಿ ಕುಕ್ಕರಿಸಿದ. ‘ಏನಣ್ಣಾ, ಹೆಣ್ಣಿನ ಕಡೆಯವರು ಕೊಟ್ಟ ಉಂಗುರವಾ? ಬೆಳಗ್ಗಿಂದ ಅದನ್ನೇ ನೋಡ್ತಿದ್ದೀಯ.’

“‘ಸುಮ್ನಿರು ಮಾರಾಯ. ಇದನ್ನು ಸ್ವಲ್ಪ ಒತ್ತಿ ಹಿಡಿ.’

“‘ಎಷ್ಟು ಒತ್ತಲಿ?’

“ಮೆಕ್ಯಾನಿಕ್ ತಗಡನ್ನು ಸಂದಿಗೆ ಹಿಡಿದ. ‘ನಿನ್ನ ಕೈಲಾದಷ್ಟು.’

“ಚಾಲಕ ಹೆಬ್ಬೆರಳು ಬೆಳ್ಳಗಾಗುವಂತೆ ಒತ್ತಿದ. ತಗಡು ಹೋಗಲಿಲ್ಲ.

“ಮೆಕ್ಯಾನಿಕ್ ತಗಡನ್ನು ಕೆಳಗಿಟ್ಟ. ಆಮೇಲೆ ಹೇಳಿದ: ‘ನಾಳೆ ಮಕ್ಕಳನ್ನು ಬೇರೆ ಗಾಡಿಯಲ್ಲಿ ಕಳಿಸು. ನಾನು ಅಂಗಡಿಯಲ್ಲಿ ಹೇಳಿದ್ದು ತಪ್ಪು.’

“ನೋಡು ಚನ್ನವೀರ, ತಗಡು ಸುಳ್ಳು ಹೇಳಿರಲಿಲ್ಲ. ಹಗುರವಾಗಿ ಒತ್ತಿದರೆ ಸವೆದ ಉಂಗುರವೂ ಮೇಲೆಯೇ ನಿಲ್ಲುತ್ತದೆ, ಸಂದು ಅಗಲವಾಗಿ ಕಾಣುತ್ತದೆ. ಬೇಕೆಂದೇ ಅವನು ಹಗುರವಾಗಿ ಒತ್ತಿದ ಎಂದಲ್ಲ. ಹೆದರಿದ ಬೆರಳು ತಾನಾಗಿಯೇ ಸಡಿಲವಾಗುತ್ತದೆ. ಅಂದರೆ, ಬೆರಳಿಗೆ ಮೊದಲೇ ಗೊತ್ತಿರುತ್ತದೆ, ಅದು ಹೇಗೆಂದರೆ—”

“ಗುರುಗಳೇ, ದೂರದಿಂದ ಬಂದವರು ಕಾಯ್ತಿದ್ದಾರೆ, ಬೇಗ ಬರಬೇಕು” ಎಂದು ಹೊರಗಿನಿಂದ ಯಾರೋ ಕೂಗಿದರು.

ಗುರು ಎದ್ದರು. ಚನ್ನವೀರ ಅವಸರದಿಂದ ಕೇಳಿದ: “ಹಾಗಾದರೆ ನಾನು ಇನ್ನಷ್ಟು ಗಟ್ಟಿಯಾಗಿ ಒತ್ತಿ ನೋಡಬೇಕೇ?”

ಬಾಗಿಲಲ್ಲಿ ಗುರು ಹಿಂತಿರುಗಿದರು.

“ನಿನ್ನ ಉಂಗುರವನ್ನು ಯಾರ ಕೈಗೆ ಕೊಡಲು ನಿನಗೆ ಹೆದರಿಕೆ?”