ಹೆಸರು ಹೊತ್ತ ನಕಲು

ಮದುವೆಯ ವೀಡಿಯೊ ಸ್ಟುಡಿಯೊದ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಹೊರಟಿತ್ತು. ಎಡಿಟಿಂಗಿಗೆಂದು ವಿವರ ಕುಗ್ಗಿಸಿ ಮಾಡಿಕೊಂಡಿದ್ದ ಹಗುರ ನಕಲು ಮುಂದೆ ನುಗ್ಗಿ, ಮೂಲ ದೃಶ್ಯಕ್ಕೆ ಹೇಳಿತು: "ಅಣ್ಣಾ, ನಿನ್ನ ಭಾರ ಹೊರುವವರು ಯಾರು? ನಮ್ಮಿಬ್ಬರ ಹೆಸರೂ ಒಂದೇ. ನಾನೊಬ್ಬ ಹೋದರೆ ಸಾಕು."

"ಹೆಸರು ಒಂದೇ, ತಮ್ಮಾ. ಮದುಮಗಳ ತಾಯಿಯ ಮುಖ ಮಾತ್ರ ನಿನ್ನಲ್ಲಿ ಅರೆಬರೆ."

ನಕಲು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಯಂತ್ರ ಹೆಸರನ್ನಷ್ಟೇ ಕೇಳಿ ಒಳಗೆ ಬಿಟ್ಟುಕೊಂಡಿತು. ಎಲ್ಲವೂ ಬಂತೆಂದು ಸ್ಟುಡಿಯೊದವರು ಮೂಲ ಉಳಿದಿದ್ದ ಹಳೆಯ ಡಿಸ್ಕನ್ನು ಅಳಿಸಿದರು. ನಕಲು ಬೀಗಿತು.

ತಾಯಿ ತೀರಿಕೊಂಡ ಮೇಲೆ ಮಗಳು ಬಂದಳು. "ಅಮ್ಮನ ಮುಖ ದೊಡ್ಡದು ಮಾಡಿ ತೋರಿಸಿ."

ನಕಲು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಿಗ್ಗಿತು. ಪರದೆಯ ತುಂಬ ಮಸುಕು ಚೌಕಗಳು.

"ಇದು ಅಮ್ಮನಲ್ಲ. ನಿಜವಾದದ್ದನ್ನು ಕರೆಯಿರಿ," ಎಂದಳು ಮಗಳು.

ಕರೆದರು. ಆ ಹೆಸರಿಗೆ ಓಗೊಡಲು ನಕಲೊಂದೇ ಉಳಿದಿತ್ತು.